ಬಸ್ಸಾರು, ಬೆಳಗಿನ ಕಾಫಿ, ಒಂದು ಸೀಬೆಹಣ್ಣು

(ಹಿರಿಯ ನಾಗರಿಕರ ಬಳಗವೊಂದರ ಭಾನುವಾರದ ಸಭೆಯಲ್ಲಿ ಆಡಿದ ಮಾತುಗಳು. ಬರಹಕ್ಕಿಳಿಸುವಾಗ ಅಲ್ಲಲ್ಲಿ ವಾಕ್ಯ ಸರಿಮಾಡಿದ್ದೇನೆ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈಗ ಒಳಗೆ ಬರುವಾಗ ಬಾಗಿಲ ಹತ್ತಿರ ಒಬ್ಬರು ತಾಯಿ ನನ್ನ ಕೈ ಹಿಡಿದುಕೊಂಡು, "ಮೇಡಮ್, ಇವತ್ತು ಏನೇನು ಬಿಡಬೇಕು ಅಂತ ಹೇಳ್ತೀರಾ?" ಅಂತ ಕೇಳಿದರು. ಊಟದ ವಿಚಾರ ಮಾತಾಡುವವರು ಬಂದರೆ ಏನನ್ನೋ ಬಿಡಿಸಿಯೇ ಹೋಗುತ್ತಾರೆ ಅಂತ ನಮ್ಮ ಜನಕ್ಕೆ ನಂಬಿಕೆ ಬಂದುಬಿಟ್ಟಿದೆ. ಆ ನಂಬಿಕೆ ಬೆಳೆಸಿದವರಲ್ಲಿ ನಾನೂ ಒಬ್ಬಳು. ಇಪ್ಪತ್ತೆಂಟು ವರ್ಷ ಆಸ್ಪತ್ರೆಯಲ್ಲಿ ಡಯಟೀಷಿಯನ್ ಆಗಿದ್ದೆ. ಅದರಲ್ಲಿ ಮೊದಲ ಹತ್ತು ವರ್ಷ ನಾನು ಕೊಟ್ಟಿದ್ದು ಹೆಚ್ಚಾಗಿ ಬಿಡುವುದರ ಪಟ್ಟಿ.

ಆ ಪಟ್ಟಿಯ ಕಥೆ ಮೊದಲು ಹೇಳಿಬಿಡುತ್ತೇನೆ.

ಕುಣಿಗಲ್ ಕಡೆಯ ಒಬ್ಬ ರೈತರು. ಅರವತ್ತು ದಾಟಿತ್ತು, ಸಕ್ಕರೆ ಕಾಯಿಲೆ ಹೊಸದಾಗಿ ಗೊತ್ತಾಗಿತ್ತು. ನಾನು ಎಲ್ಲರಿಗೂ ಕೊಡುವ ಹಾಗೆ ಅವರಿಗೂ ಅಚ್ಚು ಹಾಕಿಸಿದ ಡಯಟ್ ಚಾರ್ಟ್ ಕೊಟ್ಟೆ. ಬೆಳಗ್ಗೆ ಓಟ್ಸ್, ಮಧ್ಯಾಹ್ನ ಎರಡು ಚಪಾತಿ, ರಾತ್ರಿ ಎರಡು ಚಪಾತಿ, ಸಲಾಡ್. ಕಾಫಿ ಬೇಡ, ಸಿಹಿ ಬೇಡ, ಹಣ್ಣು ಲೆಕ್ಕವಿಟ್ಟು ತಿನ್ನಿ. ಅವರು ಅದನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡು ಹೋದರು. ಮೂರು ತಿಂಗಳಿಗೆ ಬರಬೇಕಾದವರು ಹನ್ನೊಂದು ತಿಂಗಳ ಮೇಲೆ ಬಂದರು. ಕಾಲಿನಲ್ಲಿ ಹುಣ್ಣಾಗಿತ್ತು. "ಯಾಕೆ ಬರಲಿಲ್ಲ ಯಜಮಾನರೆ, ಚಾರ್ಟ್ ಪ್ರಕಾರ ನಡ್ಕೊಂಡ್ರಾ?" ಅಂತ ಕೇಳಿದೆ. ಅವರು ಜೇಬಿನಿಂದ ಅದೇ ಕಾಗದ ತೆಗೆದು ಮೇಜಿನ ಮೇಲಿಟ್ಟರು. "ಅಮ್ಮಾ, ನೀವು ಬರ್ಕೊಟ್ಟಿದ್ದು ಆಸ್ಪತ್ರೆ ಊಟ. ನಾನು ಮನೇಲಿರೋನು" ಅಂದರು. ಕೋಪದಿಂದ ಹೇಳಿದ್ದಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಎಂಟು ದಿನ ಚಪಾತಿ ಮಾಡಿಸಿಕೊಂಡರಂತೆ. ಒಂಬತ್ತನೆಯ ದಿನ ಮುದ್ದೆಗೆ ಕೂತರಂತೆ. ಮಾತು ಮೀರಿದೆ, ಇನ್ನು ಡಾಕ್ಟರಮ್ಮನಿಗೆ ಮುಖ ತೋರಿಸುವುದು ಹೇಗೆ ಅಂತ ಆಸ್ಪತ್ರೆಗೇ ಬರಲಿಲ್ಲ.

ಆ ಹುಣ್ಣು ವಾಸಿಯಾಯಿತು. ಆದರೆ ಆ ಹನ್ನೊಂದು ತಿಂಗಳ ಹೊಣೆ ನನ್ನದೂ ಹೌದು ಅಂತ ನನಗೆ ಇವತ್ತಿಗೂ ಅನಿಸುತ್ತದೆ. ಅಂದು ಮೊದಲ ಸಲ ನಾನು ಪೆನ್ನು ಕೆಳಗಿಟ್ಟು, "ದಿನಾ ಏನು ಉಣ್ತೀರಿ, ಅದನ್ನ ಹೇಳಿ" ಅಂತ ಕೇಳಿದೆ. ಅವರು ಹೇಳಿದ್ದನ್ನು ಕೇಳಿ ನನಗೇ ಆಶ್ಚರ್ಯವಾಯಿತು. ಬೆಳಗ್ಗೆ ರಾಗಿ ಗಂಜಿ, ಆಮೇಲೆ ಮುದ್ದೆ, ಬಸ್ಸಾರು, ಸೊಪ್ಪಿನ ಪಲ್ಯ, ಹುರುಳಿಕಾಳು, ಮಜ್ಜಿಗೆ. ಗಂಜಿಯೊಂದನ್ನು ಬಿಟ್ಟರೆ ಇದರಲ್ಲಿ ಬಿಡಿಸುವಂಥದ್ದು ಏನಿದೆ? ಅಳತೆ ತಿದ್ದಬೇಕಿತ್ತು, ಅಷ್ಟೆ.

ಬಸ್ಸಾರಿನ ಬಗ್ಗೆ ಸ್ವಲ್ಪ ಹೊತ್ತು ಮಾತಾಡಬೇಕು ನಾನು. ಇಲ್ಲಿರುವ ಅರ್ಧ ಜನಕ್ಕೆ ಇದು ದಿನದ ಅಡುಗೆ, ಹಾಗಾಗಿಯೇ ಅದರ ಬೆಲೆ ನಮಗೆ ಕಾಣುವುದಿಲ್ಲ. ಸೊಪ್ಪು ಬೇಯಿಸಿದಾಗ ಏನಾಗುತ್ತದೆ? ಫೋಲೇಟ್ ಮತ್ತೆ ಕೆಲವು ಬಿ ಗುಂಪಿನ ವಿಟಮಿನ್‌ಗಳು, ಪೊಟ್ಯಾಸಿಯಂನಂಥ ಲವಣಗಳು ನೀರಿನಲ್ಲಿ ಕರಗುತ್ತವೆ. ಬೇಯಿಸಿದ ನೀರನ್ನು ಚೆಲ್ಲಿದರೆ ಅವೂ ಬಚ್ಚಲಿಗೆ ಹೋದವು. ನಮ್ಮ ಹೆಂಗಸರು ಕಾಳು, ಸೊಪ್ಪು ಒಟ್ಟಿಗೆ ಬೇಯಿಸಿ, ಬಸಿದು, ಆ ಕಟ್ಟನ್ನು ಬೇರೆ ಪಾತ್ರೆಯಲ್ಲಿ ಇಡುತ್ತಾರೆ. ಈರುಳ್ಳಿ, ಬೆಳ್ಳುಳ್ಳಿ, ಮೆಣಸು, ಜೀರಿಗೆ, ಕಾಯಿ, ಹುಣಸೆಹಣ್ಣು, ಜೊತೆಗೆ ಬೆಂದ ಕಾಳು-ಸೊಪ್ಪು ಒಂದು ಹಿಡಿ ಹಾಕಿ ರುಬ್ಬಿ, ಆ ಕಟ್ಟಿಗೆ ಬೆರೆಸಿ ಕುದಿಸಿದರೆ ಸಾರು. ಬಸಿದ ಸೊಪ್ಪು-ಕಾಳಿಗೆ ಬೆಳ್ಳುಳ್ಳಿ, ಒಣಮೆಣಸಿನಕಾಯಿ ಒಗ್ಗರಣೆ ಕೊಟ್ಟು ಕಾಯಿತುರಿ ಹಾಕಿದರೆ ಪಲ್ಯ. ಒಂದು ಒಲೆ, ಒಂದು ಬೇಯುವಿಕೆ, ಎರಡು ಅಡುಗೆ. ಚೆಲ್ಲಿದ್ದು ಒಂದು ಹನಿ ಇಲ್ಲ. ಪ್ರೋಟೀನು ಕಟ್ಟುವ ಇಟ್ಟಿಗೆಗಳಲ್ಲಿ ರಾಗಿಯಲ್ಲಿ ಕಡಿಮೆ ಇರುವ ಲೈಸಿನ್ ಕಾಳಿನಲ್ಲಿ ಹೇರಳವಾಗಿದೆ, ಕಾಳಿನಲ್ಲಿ ಕಡಿಮೆ ಇರುವ ಮೆಥಿಯೊನಿನ್ ರಾಗಿಯಲ್ಲಿದೆ. ಎರಡೂ ಒಂದೇ ತಟ್ಟೆಯಲ್ಲಿ ಸೇರಿದಾಗ ಪ್ರೋಟೀನ್ ಮೇಲ್ಮಟ್ಟದ್ದಾಗುತ್ತದೆ. ಇಷ್ಟನ್ನು ಕಲಿಯಲು ನಾನು ಎರಡು ಪದವಿ ಓದಿದೆ. ಆ ರೈತರ ಹೆಂಡತಿ ಅದನ್ನು ದಿನಾ ಮಾಡುತ್ತಿದ್ದರು. (ಇಲ್ಲಿ ಕಿಡ್ನಿ ತೊಂದರೆ ಇರುವವರು ಯಾರಾದರೂ ಇದ್ದರೆ ಒಂದು ಮಾತು: ಡಾಕ್ಟರು ನಿಮಗೆ ಪೊಟ್ಯಾಸಿಯಂ ಕಡಿಮೆ ಮಾಡಿ ಅಂದಿದ್ದರೆ ಆ ಬಸಿದ ಕಟ್ಟು ನಿಮಗೆ ಬೇಡ. ಪಲ್ಯಕ್ಕೂ ಯಾವ ಸೊಪ್ಪು, ಎಷ್ಟು ಅಂತ ಅವರನ್ನೇ ಕೇಳಿಕೊಳ್ಳಿ.)

ಮುದ್ದೆಯ ವಿಚಾರದಲ್ಲಿ ಮಾತ್ರ ನಾನು ಒಂದು ಕಡೆ ಬಿಗಿ. ರಾಗಿಯಲ್ಲಿ ಸಕ್ಕರೆಯೇ ಇಲ್ಲ, ಎಷ್ಟಾದರೂ ತಿನ್ನಬಹುದು ಅಂತ ಬಹಳ ಜನ ತಿಳಿದಿದ್ದಾರೆ. 100 ಗ್ರಾಂ ರಾಗಿಹಿಟ್ಟಿನಲ್ಲಿ ಕಾರ್ಬೋಹೈಡ್ರೇಟ್, ಅಂದರೆ ಹೆಚ್ಚಾಗಿ ಪಿಷ್ಟ, ಸುಮಾರು 70 ಗ್ರಾಂ, ಅಕ್ಕಿಯಲ್ಲಿ 78. ವ್ಯತ್ಯಾಸ ಅಷ್ಟೇ. ರಾಗಿಯ ಹಿರಿಮೆ ಬೇರೆ ಕಡೆ ಇದೆ: 100 ಗ್ರಾಂನಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ. ಹಸುವಿನ ಹಾಲಿನಲ್ಲಿ ಸುಮಾರು 120, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಹತ್ತರ ಆಸುಪಾಸು. ಮೂಳೆ ಸವೆಯುವ ನಮ್ಮ ವಯಸ್ಸಿನವರಿಗೆ ಇದು ದೊಡ್ಡ ಮಾತು. ನಾರಿನಂಶವೂ ಚೆನ್ನಾಗಿದೆ. ಆದರೆ ನುಣ್ಣಗೆ ಸೋಸಿದ ಹಿಟ್ಟಿನ ಗಂಜಿ ಮಾಡಿ ಎರಡು ಲೋಟ ಕುಡಿದರೆ ರಕ್ತದಲ್ಲಿ ಸಕ್ಕರೆ ಬೇಗ ಏರುತ್ತದೆ. ಅದೇ ರಾಗಿ ಒಂದು ಮುದ್ದೆಯಾಗಿ, ಸೊಪ್ಪು-ಕಾಳಿನ ಜೊತೆ ಹೋದರೆ ನಿಧಾನವಾಗಿ ಏರುತ್ತದೆ. ಆ ರೈತರಿಗೆ ನಾನು ಹೇಳಿದ್ದು ಇಷ್ಟೇ: ಎರಡು ಮುದ್ದೆ ಒಂದಾಗಲಿ, ಪಲ್ಯ ಎರಡರಷ್ಟಾಗಲಿ, ಬೆಳಗಿನ ಗಂಜಿ ನಿಲ್ಲಲಿ. ಅವರು ಆಮೇಲೆ ಒಂದು ಸಲವೂ ತಪ್ಪಿಸದೆ ಬಂದರು.

ರಾಗಿ ಅಂದಾಗಲೆಲ್ಲ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನ ಲಕ್ಷ್ಮಣಯ್ಯನವರು ನೆನಪಾಗುತ್ತಾರೆ. ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟವರು ಅವರು. ಇಂಡಿಯಾದ 'ಇಂಡ್', ಆಫ್ರಿಕಾದ 'ಆಫ್'. ನಮ್ಮ ತಟ್ಟೆಯ ಮುದ್ದೆ ಈ ಮಟ್ಟಿಗೆ ಸುಲಭಕ್ಕೆ ಸಿಗುವುದರ ಹಿಂದೆ ಆ ಒಬ್ಬ ಮನುಷ್ಯನ ಹಗಲಿರುಳಿನ ದುಡಿಮೆ ಇದೆ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂತ ಕರೆದಾಗ ಅವರ ಹೆಸರು ಇನ್ನೂ ಹೆಚ್ಚು ಕಡೆ ಕೇಳಬೇಕಿತ್ತು ಅನಿಸಿತ್ತು ನನಗೆ.

ಈಗ ಕಾಫಿಗೆ ಬರೋಣ. ಮುಂದಿನ ಸಾಲಿನವರ ಮುಖ ನೋಡಿದರೆ ಗೊತ್ತಾಗುತ್ತಿದೆ, ಇದಕ್ಕೇ ಕಾಯುತ್ತಿದ್ದೀರಿ.

ಆ ಚಾರ್ಟಿನಲ್ಲಿ ನಾನು ಕಾಫಿ ಬಿಡಿ ಅಂತ ಬರೆದಿದ್ದೆನಲ್ಲ, ಅದು ತಪ್ಪು. ಬೆಳಗ್ಗೆ ಎದ್ದು, ಮನೆಯಲ್ಲಿ ಇನ್ನೂ ಯಾರೂ ಏಳದ ಹೊತ್ತಿನಲ್ಲಿ, ರಾತ್ರಿ ಇಳಿಸಿಟ್ಟ ಡಿಕಾಕ್ಷನ್ನಿಗೆ ಕುದಿವ ಹಾಲು ಸುರಿದು, ಲೋಟ-ಬಟ್ಟಲಿನಲ್ಲಿ ಎತ್ತಿ ಹೊಯ್ದು, ಮೇಲೆ ನೊರೆ ಬಂದ ಮೇಲೆ ಮೊದಲ ಗುಟುಕು ಕುಡಿಯುವ ಆ ಐದು ನಿಮಿಷ ಇದೆಯಲ್ಲ, ಅದನ್ನು ಒಬ್ಬ ಮನುಷ್ಯನಿಂದ ಕಿತ್ತುಕೊಂಡರೆ ಅವನು ಉಳಿದ ದಿನವೆಲ್ಲ ಏನನ್ನೋ ಹುಡುಕಿಕೊಂಡು ಡಬ್ಬ ತೆಗೆಯುತ್ತಲೇ ಇರುತ್ತಾನೆ. ನನ್ನ ಹತ್ತಿರ ಬಂದವರಲ್ಲಿ ಇದನ್ನು ಎಷ್ಟೋ ಸಲ ಕಂಡಿದ್ದೇನೆ. ಕಾಫಿ ಬಿಟ್ಟವರು ಬಿಸ್ಕತ್ತಿಗೆ ಇಳಿದರು.

ಕಾಫಿಯಲ್ಲಿ ತಿದ್ದಬೇಕಾದ್ದು ಎರಡು. ಮೊದಲನೆಯದು ಸಕ್ಕರೆ. ದಿನಕ್ಕೆ ಐದು ಲೋಟ, ಲೋಟಕ್ಕೆ ಎರಡು ಚಮಚ ಅಂದರೆ 50 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನದ ಎಲ್ಲ ತಿನಿಸೂ ಸೇರಿ 25 ಗ್ರಾಂ ಒಳಗೆ ಇದ್ದರೆ ಒಳ್ಳೆಯದು ಅನ್ನುತ್ತದೆ. ಸಕ್ಕರೆಯನ್ನು ಒಂದೇ ದಿನ ನಿಲ್ಲಿಸಲು ಹೋಗಬೇಡಿ. ಎರಡು ಚಮಚ ಒಂದೂವರೆ ಆಗಲಿ, ಎರಡು ವಾರ ಬಿಟ್ಟು ಒಂದಾಗಲಿ. ನಾಲಿಗೆ ಒಗ್ಗಿಕೊಳ್ಳುತ್ತದೆ, ಆಮೇಲೆ ಹಳೆಯ ಕಾಫಿ ಕೊಟ್ಟರೆ ಪಾಯಸದ ಹಾಗಿದೆ ಅನ್ನುತ್ತೀರಿ. ಬೆಲ್ಲ ಹಾಕಿಕೊಂಡರೆ ಪರವಾಗಿಲ್ಲ ಅನ್ನುವವರಿದ್ದಾರೆ. ರುಚಿಗೆ ಬೆಲ್ಲ ಹಾಕಿಕೊಳ್ಳಿ, ಸಂತೋಷ. ಸಕ್ಕರೆ ಕಾಯಿಲೆಯ ಲೆಕ್ಕಕ್ಕೆ ಮಾತ್ರ ಬೆಲ್ಲವೂ ಸಕ್ಕರೆಯೂ ಹತ್ತಿರ ಹತ್ತಿರ ಒಂದೇ.

ಎರಡನೆಯದು ಹೊತ್ತು. ಇದನ್ನು ಹೆಣ್ಣುಮಕ್ಕಳು ಕೇಳಿಸಿಕೊಳ್ಳಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ 57 ಪ್ರತಿಶತ ಜನಕ್ಕೆ ರಕ್ತಹೀನತೆ ಇದೆ. ನಿಮ್ಮ ಮನೆಯ ಸೊಸೆ, ಮಗಳು, ಮೊಮ್ಮಗಳು ಇದರಲ್ಲಿದ್ದಾರೆ. ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣ ಮೊದಲೇ ಮೈಗೆ ಹತ್ತುವುದು ಕಷ್ಟ. ಕಾಫಿ, ಟೀಯಲ್ಲಿರುವ ಟ್ಯಾನಿನ್‌ನಂಥ ವಸ್ತುಗಳು ಅದನ್ನು ಹಿಡಿದಿಟ್ಟುಕೊಳ್ಳುತ್ತವೆ. 1983ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಊಟದ ಜೊತೆ ಒಂದು ಕಪ್ ಕಾಫಿ ಕುಡಿದವರಲ್ಲಿ ಕಬ್ಬಿಣ ಹೀರಿಕೆ 39 ಪ್ರತಿಶತ ಕಡಿಮೆಯಾಯಿತು, ಟೀ ಕುಡಿದರೆ 64 ಪ್ರತಿಶತ. ನನಗೆ ಇದರಲ್ಲಿ ಬಹಳ ಹಿಡಿಸಿದ್ದು ಮುಂದಿನ ಮಾತು. ಊಟಕ್ಕೆ ಒಂದು ಗಂಟೆ ಮೊದಲು ಕಾಫಿ ಕುಡಿದಾಗ ಏನೂ ಕಡಿಮೆಯಾಗಲಿಲ್ಲ. ಊಟವಾದ ಒಂದು ಗಂಟೆಯ ಮೇಲೆ ಕುಡಿದಾಗ ಜೊತೆಯಲ್ಲಿ ಕುಡಿದಷ್ಟೇ ಕಡಿಮೆಯಾಯಿತು.

ಈಗ ನಮ್ಮ ಮನೆಗಳ ಹಳೆಯ ಪದ್ಧತಿ ನೆನಪಿಸಿಕೊಳ್ಳಿ. ಆರು ಗಂಟೆಗೆ ಕಾಫಿ, ಎಂಟೂವರೆಗೆ ತಿಂಡಿ. ಸರಿಯಾಗಿಯೇ ಇತ್ತು. ಕೆಟ್ಟಿದ್ದು ಆಮೇಲೆ, ಇಡ್ಲಿ-ವಡೆ ಮುಗಿಯುತ್ತಿದ್ದ ಹಾಗೇ ಕಾಫಿ ತರಿಸುವ ಹೋಟೆಲ್ ರೂಢಿ ಮನೆಗೂ ಬಂದ ಮೇಲೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿ ಊಟಕ್ಕೆ ಹಿಂದೆ ಮುಂದೆ ಒಂದೊಂದು ಗಂಟೆ ಕಾಫಿ-ಟೀ ಬೇಡ ಅನ್ನುತ್ತದೆ, ದಿನಕ್ಕೆ ಕೆಫೀನ್ 300 ಮಿಲಿಗ್ರಾಂ ದಾಟದಿರಲಿ ಅನ್ನುತ್ತದೆ. 150 ಮಿಲಿಲೀಟರ್ ಫಿಲ್ಟರ್ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ. ಬೆಳಗ್ಗೆ ಒಂದು, ಸಂಜೆ ನಾಲ್ಕಕ್ಕೆ ಒಂದು, ನಿಶ್ಚಿಂತೆಯಿಂದ ಕುಡಿಯಿರಿ. ಕೂತು ಕುಡಿಯಿರಿ. ರಕ್ತ ಚೆನ್ನಾಗಿರುವವರು ಈ ಲೆಕ್ಕದಲ್ಲಿ ತಲೆ ಕೆಡಿಸಿಕೊಳ್ಳುವುದೂ ಬೇಡ.

ಕಬ್ಬಿಣ ಹಿಡಿದಿಡುವ ವಸ್ತು ಇದ್ದ ಹಾಗೇ ಬಿಡಿಸಿಕೊಡುವ ವಸ್ತುವೂ ಇದೆ, ವಿಟಮಿನ್ ಸಿ. ಪಲ್ಯದ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿ. ಒಲೆಯಿಂದ ಇಳಿಸಿದ ಮೇಲೆ ಹಿಂಡಿ, ಕುದಿಯುವಾಗ ಹಿಂಡಿದರೆ ಅದು ಪೂರ್ತಿ ಉಳಿಯುವುದಿಲ್ಲ. ಇನ್ನು ಸೀಬೆಹಣ್ಣು. 100 ಗ್ರಾಂ ಸೀಬೆಯಲ್ಲಿ 200 ಮಿಲಿಗ್ರಾಂಗಿಂತ ಹೆಚ್ಚು ವಿಟಮಿನ್ ಸಿ ಇದೆ, ಕಿತ್ತಳೆಯಲ್ಲಿ 50ರ ಹತ್ತಿರ, ಸೇಬಿನಲ್ಲಿ ಬೆರಳೆಣಿಕೆ. ಕಾಯಿಲೆ ಬಿದ್ದವರನ್ನು ನೋಡಲು ಹೋಗುವಾಗ ನಾವು ಸೇಬು ಒಯ್ಯುತ್ತೇವೆ, ಗಾಡಿಯಲ್ಲಿ ಪಕ್ಕದಲ್ಲೇ ಸೀಬೆ ಕೂತಿರುತ್ತದೆ. ಬಸ್ ಸ್ಟ್ಯಾಂಡಿನಲ್ಲಿ ನಾಲ್ಕಾಗಿ ಸೀಳಿ ಉಪ್ಪು-ಖಾರ ಸವರಿ ಕೊಡುತ್ತಿದ್ದರಲ್ಲ, ಶಾಲೆಗೆ ಹೋಗುವಾಗ ನಾವೆಲ್ಲ ತಿಂದದ್ದು! ಅದರ ಮೇಲೆ ಆ ಉಪ್ಪು ಒಂದು ಚಿಟಿಕೆ ಸಾಕು. ಇಡೀ ದಿನಕ್ಕೆ ಉಪ್ಪು ಒಂದು ಟೀ ಚಮಚ, 5 ಗ್ರಾಂ, ಮೀರಬಾರದು. ನಮ್ಮಲ್ಲಿ ಅದು ಮೀರುವುದು ಹೆಚ್ಚಾಗಿ ಅಡುಗೆಗೆ ಹಾಕುವ ಉಪ್ಪಿನಿಂದ, ಅದರ ಮೇಲೆ ತಟ್ಟೆಯ ಅಂಚಿನ ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯಿಂದ.

ಒಂದು ಹಣ್ಣು, ಒಂದು ಹಿಡಿ ಹುರಿದ ಕಡಲೆಕಾಯಿ, ಒಂದು ಏಲಕ್ಕಿ ಬಾಳೆ. ಸಂಜೆ ಹೊತ್ತಿಗೆ ಇವನ್ನು ಎದುರಿಗೆ ಕಾಣುವ ಹಾಗೆ ಇಡಿ. ಚಿಕ್ಕ ಸಂತೋಷಗಳು ಕೈಗೆ ಸಿಗುವ ಜಾಗದಲ್ಲಿರಬೇಕು. ಕಡಲೆಕಾಯಿಯನ್ನು ಸಿಪ್ಪೆ ಸಮೇತ ಇಡಿ. ಒಂದೊಂದೇ ಒಡೆದು ತಿನ್ನುವಾಗ ಕೈಗೆ ಕೆಲಸವಿರುತ್ತದೆ, ಹೊಟ್ಟೆಗೆ ಸಾಕು ಅಂತ ಹೇಳಲು ಸಮಯ ಸಿಗುತ್ತದೆ.

ಉತ್ತರ ಕರ್ನಾಟಕದವರು ಇಲ್ಲಿ ಕೆಲವರಿದ್ದೀರಿ. ನಿಮ್ಮ ತಟ್ಟೆ ನೋಡಿದರೆ ನನಗೆ ಅಸೂಯೆ. ಜೋಳದ ರೊಟ್ಟಿ, ಪಕ್ಕದಲ್ಲಿ ಹಸಿ ಮೆಂತ್ಯ, ಹಕ್ಕರಕಿ ಪಲ್ಲೆ, ಹಸಿ ಈರುಳ್ಳಿ, ಅಗಸಿ ಚಟ್ನಿ, ಗುರೆಳ್ಳು ಚಟ್ನಿ. ಬೇಯಿಸದ ಸೊಪ್ಪನ್ನು ಇಷ್ಟು ಸಹಜವಾಗಿ ತಿನ್ನುವವರು ನಾಡಿನಲ್ಲಿ ಬೇರೆ ಯಾರಿಲ್ಲ. ಬೆಂಗಳೂರಿಗೆ ಬಂದು ಎರಡನೇ ತಲೆಮಾರಿಗೆ ಅದನ್ನು ಕಳೆದುಕೊಳ್ಳಬೇಡಿ. ಕರಾವಳಿಯವರ ಕುಚ್ಚಲಕ್ಕಿಯೂ ಹಾಗೇ. ಭತ್ತವನ್ನು ಬೇಯಿಸಿ ಒಣಗಿಸಿದಾಗ ತೌಡಿನಲ್ಲಿರುವ ಬಿ1 ವಿಟಮಿನ್ ಕಾಳಿನ ಒಳಕ್ಕೆ ಇಳಿಯುತ್ತದೆ, ಗಿರಣಿಯಲ್ಲಿ ತೌಡು ಹೋದರೂ ಅದು ಉಳಿಯುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ, ನನ್ನ ಮನಸ್ಸಿನಲ್ಲಿ ಎಲ್ಲಕ್ಕಿಂತ ಭಾರವಾಗಿರುವ ವಿಷಯಕ್ಕೆ ಬರುತ್ತೇನೆ. ಒಬ್ಬರೇ ಉಣ್ಣುವವರ ವಿಷಯ.

ಅಪ್ಪ ಹೋದ ಮೇಲೆ ನಮ್ಮಮ್ಮ ಊರಿನಲ್ಲಿ ಒಬ್ಬರೇ ಉಳಿದರು. ಫೋನಿನಲ್ಲಿ "ಊಟ ಆಯ್ತಾ ಅಮ್ಮ?" ಅಂದರೆ "ಆಯ್ತು ಕಣೇ" ಅನ್ನುತ್ತಿದ್ದರು. ನಾಲ್ಕು ತಿಂಗಳಲ್ಲಿ ರವಿಕೆ ಸಡಿಲವಾಗಿತ್ತು. ಹೋಗಿ ನೋಡಿದರೆ ಮೂರು ಹೊತ್ತೂ ಮೊಸರನ್ನ, ಕೆಲವು ರಾತ್ರಿ ಹಾಲಿಗೆ ಎರಡು ಬ್ರೆಡ್ಡು. ಮೂವತ್ತು ಜನರ ಮದುವೆ ಮನೆಯ ಅಡುಗೆಯನ್ನು ಒಬ್ಬರೇ ಹೊತ್ತು ಇಳಿಸುತ್ತಿದ್ದ ಹೆಂಗಸು. ಕೇಳಿದರೆ, "ನನ್ನೊಬ್ಬಳಿಗೆ ಏನು ಒಲೆ ಹಚ್ಚೋದು ಬಿಡೇ" ಅಂದರು. ಅಲ್ಲಿ ಕೂತು ಪ್ರೋಟೀನು, ಸ್ನಾಯು ಕರಗುವುದು ಅಂತ ಪಾಠ ಹೇಳಿದೆ. ಅಮ್ಮ ತಲೆಯಾಡಿಸಿದರು. ಏನೂ ಬದಲಾಗಲಿಲ್ಲ.

ಬದಲಾದದ್ದು ಡಿಸೆಂಬರಿನಲ್ಲಿ, ಅವರೆಕಾಯಿ ಬಂದಾಗ. ಪಕ್ಕದ ಮನೆಯವರು ಒಂದು ಚೀಲ ಸೊಗಡಿನ ಅವರೆ ತಂದು ನಮ್ಮ ಜಗುಲಿಯ ಮೇಲೆ ಸುರಿದರಂತೆ, "ಅಮ್ಮೋರೆ, ಬಿಡಿಸಿಕೊಡಿ, ನನ್ನ ಕೈಲಾಗಲ್ಲ" ಅಂತ. ಎದುರು ಮನೆಯವರೂ ಬಂದು ಕೂತರು. ಕಾಯಿ ಬಿಡಿಸಿ, ಕಾಳು ನೆನೆಹಾಕಿ, ಮರುದಿನ ಬೆರಳ ತುದಿಯಲ್ಲಿ ಹಿತುಕಿ ಬೇಳೆ ಮಾಡುವುದು ಎಷ್ಟು ಹೊತ್ತಿನ ಕೆಲಸ ನಿಮಗೆ ಗೊತ್ತು. ಕೈಗೆಲ್ಲ ಸೊಗಡಿನ ವಾಸನೆ. ಮೂರೂ ಜನ ಅಲ್ಲೇ ಹಿತಕಿದ ಬೇಳೆ ಸಾರು ಮಾಡಿ ಒಟ್ಟಿಗೆ ಉಂಡರು. ಆಮೇಲೆ ಅದು ವಾರಕ್ಕೆ ಎರಡು ಸಲ ಅಂತಾಯಿತು, ಒಂದು ದಿನ ಅವರ ಮನೆ, ಒಂದು ದಿನ ಇವರ ಮನೆ. ಅವರೆ ಮುಗಿದ ಮೇಲೂ ನಿಲ್ಲಲಿಲ್ಲ. ಮಾರ್ಚಿಗೆ ಹೋದಾಗ ಅಮ್ಮ ಬೆರಕೆ ಸೊಪ್ಪಿನ ಸಾರಿಗೆ ಇಟ್ಟಿದ್ದರು. ನಾನು ಬರುತ್ತೇನೆಂದು ಅವರಿಗೆ ಗೊತ್ತಿರಲಿಲ್ಲ. ತಮಗಾಗಿಯೇ ಒಲೆ ಹಚ್ಚಿದ್ದರು.

ಅದಕ್ಕೇ ನಿಮ್ಮ ಬಳಗಕ್ಕೆ ನನ್ನದೊಂದು ಕೋರಿಕೆ. ಇಲ್ಲಿ ಒಂಟಿಯಾಗಿರುವವರು ಯಾರು ಅಂತ ನಿಮಗೆ ಗೊತ್ತು. ವಾರಕ್ಕೊಂದು ಹೊತ್ತು ಅವರ ಜೊತೆ ಕೂತು ಉಣ್ಣಿ. ಅವರಿಗೆ ಊಟ ಕಟ್ಟಿ ಕಳಿಸುವುದು ಒಳ್ಳೆಯದೇ, ಅವರ ಕೈಯಲ್ಲಿ ಕಾಯಿ ಬಿಡಿಸುವ ಕೆಲಸ ಕೊಟ್ಟರೆ ಇನ್ನೂ ಒಳ್ಳೆಯದು. ಒಬ್ಬರೇ ಉಣ್ಣುವ ದಿನವೂ ಪಾತ್ರೆಯಿಂದ ನೇರ ತಿನ್ನಬೇಡಿ, ತಟ್ಟೆ ಹಾಕಿಕೊಳ್ಳಿ. ಟಿವಿ ಆರಿಸಿ. ಮೊಸರನ್ನಕ್ಕೆ ಒಂದು ಹಿಡಿ ಬೆಂದ ಹೆಸರುಕಾಳು ಸೇರಿದರೂ ಸಾಕು.

ಕೊನೆಗೆ ಒಬ್ಬರು ಕೇಳಿದ ಪ್ರಶ್ನೆ: "ಹಬ್ಬದ ಎಲೆ ಮುಂದೆ ಕೂತಾಗ ಸಕ್ಕರೆ ಕಾಯಿಲೆಯವರು ಏನು ಮಾಡಬೇಕು?"

ಎಲೆ ಬಡಿಸುವ ಕ್ರಮ ನೋಡಿ. ಉಪ್ಪು ಹಾಕಿದ ಮೇಲೆ ಮೊದಲು ಬರುವುದು ಕೋಸಂಬರಿ, ಪಲ್ಯ. ಅನ್ನ ಆಮೇಲೆ. ನಾವು ಅನ್ನ ಬರಲಿ ಅಂತ ಕಾಯುತ್ತೇವೆ. ಕಾಯಬೇಡಿ. ತರಕಾರಿ, ಬೇಳೆ ಮೊದಲು ತಿಂದು ಪಿಷ್ಟ ಆಮೇಲೆ ತಿಂದರೆ ಊಟದ ನಂತರದ ಸಕ್ಕರೆ ಕಡಿಮೆ ಏರುತ್ತದೆ ಅಂತ ಅಧ್ಯಯನಗಳು ತೋರಿಸಿವೆ. ಕೋಸಂಬರಿ ಪೂರ್ತಿ ತಿನ್ನಿ, ಇನ್ನೊಂದು ಸಲ ಹಾಕಿಸಿಕೊಳ್ಳಿ. ಅನ್ನ ಒಂದೇ ಸುತ್ತು. ಆಮೇಲೆ ಅರ್ಧ ಒಬ್ಬಟ್ಟನ್ನು ತುಪ್ಪದ ಜೊತೆ, ಅಪರಾಧ ಮಾಡಿದವರ ಹಾಗೆ ಗಬಗಬ ನುಂಗದೆ, ನಿಧಾನವಾಗಿ ತಿನ್ನಿ. ಎದ್ದು ಹದಿನೈದು ನಿಮಿಷ ನಡೆಯಿರಿ. ಮಾತ್ರೆ ತಪ್ಪಿಸಬೇಡಿ.

ಕೋಸಂಬರಿ ಅಂದೆನಲ್ಲ, ಬೆಳಗ್ಗೆ ಎದ್ದು ಮಾಡಿಕೊಂಡೇ ಬಂದಿದ್ದೇನೆ. ಹೆಸರುಬೇಳೆ ಒಂದು ಗಂಟೆ ನೆನೆಸಿ ಬಸಿದು, ಸೌತೆಕಾಯಿ, ಕಾಯಿತುರಿ, ಕೊತ್ತಂಬರಿ ಸೊಪ್ಪು ಹಾಕಿ, ಸಾಸಿವೆ-ಇಂಗಿನ ಒಗ್ಗರಣೆ ಕೊಟ್ಟಿದ್ದೇನೆ. ಉಪ್ಪು ಹಾಕಿಲ್ಲ. ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಟ್ಟು ಎಲ್ಲ ಮೆತ್ತಗಾಗುತ್ತದೆ, ಗರಿಗರಿ ಹೋಗುತ್ತದೆ. ಹಿಂದಿನ ಮೇಜಿನ ಮೇಲೆ ದೊಡ್ಡ ಸ್ಟೀಲ್ ಡಬ್ಬ, ಪಕ್ಕದಲ್ಲಿ ನಾಲ್ಕು ನಿಂಬೆಹಣ್ಣು ಇವೆ. ಬನ್ನಿ, ಈಗ ಉಪ್ಪು ಹಾಕೋಣ.